ವೈರಸ್ ಸತ್ತಿತೆಂದು ಹೇಗೆ ಗೊತ್ತು?

ನೆಲ ಒರೆಸುವ ದ್ರಾವಣದಿಂದ ಹಿಡಿದು ಬಾಗಿಲ ಹಿಡಿಕೆಗೆ ಸಿಂಪಡಿಸುವ ಸ್ಪ್ರೇವರೆಗೆ, ಅಂಗಡಿಯಲ್ಲಿ ಸಿಗುವ ಬಹುಪಾಲು ಸೋಂಕುನಿವಾರಕಗಳ ಮೇಲೆ ದಪ್ಪಕ್ಷರದಲ್ಲಿ ಕಾಣುವ ಸಂಖ್ಯೆ ಶೇ 99.9. ಕೋವಿಡ್ ಬಂದ ಮೇಲೆ ಹಲವು ಬಾಟಲಿಗಳಲ್ಲಿ ಆ ಸಂಖ್ಯೆಯ ಪಕ್ಕ 'ವೈರಸ್' ಎಂಬ ಮಾತೂ ಸೇರಿಕೊಂಡಿದೆ. ಓದಿದವರು ಮಾಡಿಕೊಳ್ಳುವ ಅರ್ಥ ಇಷ್ಟು: ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ; ಸಾವಿರ ವೈರಸ್‌ಗಳಲ್ಲಿ ಒಂದು ಮಾತ್ರ ಉಳಿದದ್ದನ್ನು ಕಂಡಿದ್ದಾರೆ; ಹಾಗಾಗಿ ನಮ್ಮ ಮನೆಯ ಮೇಜಿನ ಮೇಲೂ ಅಷ್ಟೇ ಆಗುತ್ತದೆ. ಈ ತರ್ಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಣ್ಣಿಗೆ ಕಾಣದ ವೈರಿಯ ವಿಷಯದಲ್ಲಿ ಸಾಮಾನ್ಯ ಮನುಷ್ಯ ತಾನೇ ಪರೀಕ್ಷೆ ಮಾಡಲಾರ, ಮಾಡಬಲ್ಲವರನ್ನು ನಂಬಬೇಕು. ಹಾಗೆ ನಂಬುವುದು ವೈಜ್ಞಾನಿಕ ಮನೋಭಾವಕ್ಕೆ ವಿರುದ್ಧವೂ ಅಲ್ಲ. ಪರೀಕ್ಷೆಗಳು ನಡೆಯುತ್ತವೆ ಎಂಬುದೂ ನಿಜ, ಅವುಗಳಲ್ಲಿ ಬಹಳಷ್ಟು ಪ್ರಾಮಾಣಿಕವಾಗಿಯೇ ನಡೆಯುತ್ತವೆ ಎಂಬುದೂ ನಿಜ. ತೊಡಕು ಇರುವುದು ಮೂರನೆಯ ಹೆಜ್ಜೆಯಲ್ಲಿ. ಪ್ರಯೋಗಾಲಯದಲ್ಲಿ ಕಂಡ ಸಂಖ್ಯೆಯನ್ನು ನಾವು ಆ ದ್ರಾವಣದ ಗುಣವೆಂದು ಭಾವಿಸುತ್ತೇವೆ, ನೀರಿನ ಕುದಿಬಿಂದುವಿನ ಹಾಗೆ. ಅದು ದ್ರಾವಣದ ಗುಣವಲ್ಲ. ಒಂದು ನಿರ್ದಿಷ್ಟ ವೈರಸ್, ಒಂದು ನಿರ್ದಿಷ್ಟ ಸಾಂದ್ರತೆ, ಒಂದು ಬಗೆಯ ಮೇಲ್ಮೈ, ಅಳೆದು ಹಾಕಿದ ಕೊಳೆ, ಎಣಿಸಿದ ನಿಮಿಷಗಳು ಒಟ್ಟಿಗೆ ಸೇರಿದಾಗ ಹೊರಬಂದ ಫಲಿತಾಂಶ ಅದು. ಈ ಐದರಲ್ಲಿ ಒಂದು ಬದಲಾದರೂ ಸಂಖ್ಯೆ ಬದಲಾಗುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆ ಇನ್ನೂ ಮೂಲಭೂತವಾದದ್ದು: ಸೂಕ್ಷ್ಮಜೀವಿ ಸತ್ತಿದೆ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ಎಷ್ಟು ಜಾರುವಂಥದ್ದು ಎಂಬುದನ್ನು ಸೂಕ್ಷ್ಮಜೀವಿ ವಿಜ್ಞಾನ ತನ್ನ ಆರಂಭದ ದಿನಗಳಲ್ಲೇ ಕಲಿಯಿತು. 1881ರಲ್ಲಿ ರಾಬರ್ಟ್ ಕಾಕ್ ರೇಷ್ಮೆ ದಾರಗಳ ಮೇಲೆ ಆಂಥ್ರಾಕ್ಸ್ ಬೀಜಾಣುಗಳನ್ನು ಒಣಗಿಸಿ, ಆ ದಾರಗಳನ್ನು ಬೇರೆಬೇರೆ ರಾಸಾಯನಿಕಗಳಲ್ಲಿ ಅದ್ದಿ, ಆಮೇಲೆ ಪೋಷಕ ಮಾಧ್ಯಮದಲ್ಲಿಟ್ಟು ಬೆಳೆಯುತ್ತವೆಯೇ ಎಂದು ನೋಡಿದ. ಮೇಲ್ಮೈ ಮೇಲೆ ಸೋಂಕುನಿವಾರಕವನ್ನು ಪರೀಕ್ಷಿಸುವ ಇಂದಿನ ವಿಧಾನಗಳಿಗೆಲ್ಲ ಇದು ಮೂಲ. ಮರ್ಕ್ಯುರಿಕ್ ಕ್ಲೋರೈಡ್‌ನಲ್ಲಿ ಅದ್ದಿದ ದಾರಗಳಿಂದ ಏನೂ ಬೆಳೆಯಲಿಲ್ಲ; ಬಹಳ ತೆಳು ದ್ರಾವಣವೂ ಸಾಕೆಂಬ ತೀರ್ಮಾನ ಬಂತು. ಎಂಟು ವರ್ಷಗಳ ನಂತರ, 1889ರಲ್ಲಿ, ಗೆಪ್ಪರ್ಟ್ ಎಂಬ ಸಂಶೋಧಕ ಅದೇ ಪ್ರಯೋಗಕ್ಕೆ ಒಂದು ಹೆಜ್ಜೆ ಸೇರಿಸಿದ: ರಾಸಾಯನಿಕಕ್ಕೆ ಒಡ್ಡಿದ ಬೀಜಾಣುಗಳಿಗೆ ಅಂಟಿಕೊಂಡಿದ್ದ ಪಾದರಸವನ್ನು ಅಮೋನಿಯಂ ಸಲ್ಫೈಡ್‌ನಿಂದ ನಿಷ್ಕ್ರಿಯಗೊಳಿಸಿದ. ಸತ್ತವೆಂದುಕೊಂಡಿದ್ದ ಬೀಜಾಣುಗಳು ಬೆಳೆದವು. ಅವು ಬದುಕಿಯೇ ಇದ್ದವು. ಜೊತೆಯಲ್ಲೇ ಉಳಿದ ವಿಷ ಅವುಗಳನ್ನು ಬೆಳೆಯಗೊಟ್ಟಿರಲಿಲ್ಲ, ಅಷ್ಟೇ. 'ಬೆಳೆಯಲಿಲ್ಲ' ಎಂಬುದಕ್ಕೂ 'ಸತ್ತಿತು' ಎಂಬುದಕ್ಕೂ ಇರುವ ಈ ಅಂತರವೇ ಸೋಂಕುನಿವಾರಕ ಪರೀಕ್ಷೆಯ ಹೃದಯ. ಅದನ್ನು ಮುಚ್ಚಿಟ್ಟ ಯಾವ ಸಂಖ್ಯೆಗೂ ಬೆಲೆಯಿಲ್ಲ.

ವೈರಸ್ ವಿಷಯದಲ್ಲಿ ಈ ಅಂತರ ಇನ್ನೂ ಹಿರಿದಾಗುತ್ತದೆ. ಬ್ಯಾಕ್ಟೀರಿಯಾವನ್ನು ತಟ್ಟೆಯ ಮೇಲಿನ ಪೋಷಕಾಂಶದಲ್ಲಿ ಬೆಳೆಸಬಹುದು. ವೈರಸ್ ಬೆಳೆಯುವುದು ಜೀವಂತ ಕೋಶಗಳ ಒಳಗೆ ಮಾತ್ರ. ಹಾಗಾಗಿ ಪರೀಕ್ಷೆ ಹೀಗೆ ಸಾಗುತ್ತದೆ. ಒಂದು ಸೆಂಟಿಮೀಟರ್ ವ್ಯಾಸದ ತುಕ್ಕುರಹಿತ ಉಕ್ಕಿನ ಬಿಲ್ಲೆಯ ಮೇಲೆ ಹತ್ತು ಮೈಕ್ರೋಲೀಟರ್ ವೈರಸ್ ದ್ರವ ಹಾಕುತ್ತಾರೆ, ಅಂದರೆ ಒಂದು ಹನಿಗಿಂತಲೂ ಕಡಿಮೆ. ದೇಹದ ಕೊಳೆಯನ್ನು ಹೋಲಲಿ ಎಂದು ಅದಕ್ಕೆ ಪ್ರೋಟೀನು, ಲೋಳೆಯ ಅಂಶಗಳನ್ನು ಬೆರೆಸಿರುತ್ತಾರೆ. ಅದು ಒಣಗಿದ ಮೇಲೆ ಐವತ್ತು ಮೈಕ್ರೋಲೀಟರ್ ಸೋಂಕುನಿವಾರಕವನ್ನು ಅದರ ಮೇಲೆ ಬಿಟ್ಟು ಗಡಿಯಾರ ನೋಡುತ್ತಾರೆ. ಸಮಯ ಮುಗಿದೊಡನೆ ನಿಷ್ಕ್ರಿಯಕಾರಕ ಸೇರಿಸಿ ರಾಸಾಯನಿಕದ ಕೆಲಸ ನಿಲ್ಲಿಸುತ್ತಾರೆ, ಬಿಲ್ಲೆಯನ್ನು ತೊಳೆದು ಬಂದ ದ್ರವವನ್ನು ಹತ್ತರಷ್ಟು, ನೂರರಷ್ಟು, ಸಾವಿರದಷ್ಟು ತೆಳುಗೊಳಿಸುತ್ತಾ ಹೋಗಿ, ಪುಟ್ಟ ಕುಳಿಗಳಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕುತ್ತಾರೆ. ಬದುಕಿದ ವೈರಸ್ ಇದ್ದ ಕುಳಿಯಲ್ಲಿ ಕೆಲವು ದಿನಗಳಲ್ಲಿ ಕೋಶಗಳು ದುಂಡಗಾಗಿ, ತಳದಿಂದ ಕಳಚಿ ಸಾಯುತ್ತವೆ. ಎಷ್ಟು ತೆಳುಗೊಳಿಸುವವರೆಗೂ ಕೋಶಗಳು ಸಾಯುತ್ತವೆ ಎಂಬುದರಿಂದ ಉಳಿದ ವೈರಸ್ ಎಷ್ಟೆಂದು ಲೆಕ್ಕ ಹಾಕುತ್ತಾರೆ. ರೀಡ್ ಮತ್ತು ಮುಂಚ್ 1938ರಲ್ಲಿ ಕೊಟ್ಟ ಲೆಕ್ಕದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಸೋಂಕುನಿವಾರಕದ ಬದಲು ಬರೀ ನೀರಿನಂಥ ದ್ರವ ಹಾಕಿದ ಬಿಲ್ಲೆಗಳನ್ನೂ ಜೊತೆಗಿಡಬೇಕು. ಏಕೆಂದರೆ ಒಣಗುವಾಗಲೇ ಒಂದಷ್ಟು ವೈರಸ್ ತಾನಾಗಿ ನಾಶವಾಗುತ್ತದೆ, ಆ ನಷ್ಟವನ್ನು ರಾಸಾಯನಿಕದ ಲೆಕ್ಕಕ್ಕೆ ಬರೆಯಕೂಡದು.

ಇಲ್ಲಿ ಒಂದು ಸೂಕ್ಷ್ಮವಿದೆ. ಸೋಂಕುನಿವಾರಕ ವೈರಸ್ಸನ್ನು ಮಾತ್ರವಲ್ಲ, ವೈರಸ್ ಇದೆಯೇ ಎಂದು ಹೇಳಬೇಕಾದ ಕೋಶಗಳನ್ನೂ ಕೊಲ್ಲುತ್ತದೆ. ಅದರ ವಿಷ ತಗ್ಗಲು ದ್ರವವನ್ನು ಸಾವಿರ ಪಟ್ಟು ತೆಳುಗೊಳಿಸಬೇಕಾಯಿತು ಎನ್ನಿ. ಆಗ ಬದುಕುಳಿದ ವೈರಸ್ ಕೂಡ ಸಾವಿರ ಪಟ್ಟು ತೆಳುವಾಯಿತು. ಸುಮಾರು ಸಾವಿರದೊಳಗಿನ ವೈರಸ್ ಉಳಿದಿದ್ದರೂ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಆರಂಭದಲ್ಲಿ ಒಂದು ಕೋಟಿ ವೈರಸ್ ಇದ್ದರೆ, ಹತ್ತು ಸಾವಿರ ಪಟ್ಟು ಇಳಿಕೆಯಾಯಿತೆಂದು ಹೇಳುವಷ್ಟು ಅವಕಾಶ ಉಳಿಯುತ್ತದೆ. ಒಂದು ಲಕ್ಷದಿಂದ ಆರಂಭಿಸಿದ್ದರೆ ನೂರು ಪಟ್ಟು ಇಳಿಕೆಗಿಂತ ಹೆಚ್ಚೇನನ್ನೂ ಹೇಳುವ ಹಕ್ಕಿಲ್ಲ, ಅಂದರೆ ಶೇ 99ಕ್ಕೇ ನಿಲ್ಲಬೇಕು. 'ವೈರಸ್ ಪತ್ತೆಯಾಗಲಿಲ್ಲ' ಎಂಬ ವರದಿ ಎರಡೂ ಕಡೆ ಒಂದೇ ರೀತಿ ಬರುತ್ತದೆ, ಆದರೆ ಅದರ ತೂಕ ಬೇರೆ. ಪಿಸಿಆರ್ ಮಾಡಿ ನೋಡಬಹುದಲ್ಲ ಎಂದು ಕೇಳಬಹುದು. ಪಿಸಿಆರ್ ಹುಡುಕುವುದು ವೈರಸ್ಸಿನ ಆನುವಂಶಿಕ ವಸ್ತುವಿನ ತುಣುಕನ್ನು. ಹೊದಿಕೆ ಹರಿದು ಸೋಂಕು ತಗುಲಿಸುವ ಶಕ್ತಿ ಪೂರ್ತಿ ಹೋದ ವೈರಸ್ಸಿನ ತುಣುಕೂ ಅದಕ್ಕೆ ಸಿಕ್ಕುತ್ತದೆ. ಕೋವಿಡ್ ಕಾಲದಲ್ಲಿ ಮೇಜು, ಕುರ್ಚಿ, ಲಿಫ್ಟ್ ಗುಂಡಿಗಳ ಮೇಲೆ 'ವೈರಸ್ ಸಿಕ್ಕಿತು' ಎಂದು ಬಂದ ಹಲವು ಸುದ್ದಿಗಳು ಹುಟ್ಟಿದ್ದು ಇಂಥ ಪರೀಕ್ಷೆಯಿಂದ. ಸಿಕ್ಕಿದ್ದು ವೈರಸ್ಸಿನ ಗುರುತು. ಅದು ಸೋಂಕು ತರಬಲ್ಲದೇ ಎಂಬುದಕ್ಕೆ ಕೋಶಗಳೇ ಉತ್ತರ ಹೇಳಬೇಕು.

ಈ ಹಿನ್ನೆಲೆಯಲ್ಲಿ ಲೇಬಲ್ಲಿನ ಸಂಖ್ಯೆಯನ್ನು ಮತ್ತೆ ಓದಿದರೆ, ಅದು ಹೇಳದೆ ಬಿಟ್ಟದ್ದು ಸಾಲಾಗಿ ಕಾಣುತ್ತದೆ.

1. ಯಾವ ವೈರಸ್? ಇನ್‌ಫ್ಲುಯೆಂಜಾ, ಕೊರೊನಾ ಮುಂತಾದ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆಯಿದೆ. ಸಾಬೂನು, ಆಲ್ಕೋಹಾಲ್ ಆ ಹೊದಿಕೆಯನ್ನು ಸುಲಭವಾಗಿ ಒಡೆಯುತ್ತವೆ. ಪೋಲಿಯೊ, ನೋರೋವೈರಸ್, ರೋಟಾವೈರಸ್, ಹೆಪಟೈಟಿಸ್-ಎ ವೈರಸ್‌ಗಳಿಗೆ ಇಂಥ ಹೊದಿಕೆಯಿಲ್ಲ. ಗಟ್ಟಿ ಪ್ರೋಟೀನ್ ಕವಚ ಅವನ್ನು ಕಾಯುತ್ತದೆ. ಮೊದಲ ಗುಂಪಿನ ಮೇಲೆ ಗೆದ್ದ ದ್ರಾವಣ ಎರಡನೆಯದರ ಮುಂದೆ ಸೋಲಬಹುದು. ಬರೀ 'ವೈರಸ್' ಎಂದು ಬರೆದರೆ ಈ ಭೇದ ಅಳಿಸಿಹೋಗುತ್ತದೆ.

2. ಎಷ್ಟರಲ್ಲಿ ಎಷ್ಟು? ಹತ್ತು ಲಕ್ಷದಲ್ಲಿ ಶೇ 99.9 ಹೋದರೆ ಸಾವಿರ ಉಳಿಯುತ್ತವೆ, ಶೇ 99.99 ಹೋದರೆ ನೂರು. ಕಣ್ಣಿಗೆ ಪುಟ್ಟದಾಗಿ ಕಾಣುವ ಒಂದು ಒಂಬತ್ತಿಗೆ ಹತ್ತು ಪಟ್ಟು ಬೆಲೆಯಿದೆ. ನೋರೋವೈರಸ್ ತಗುಲಿದವರ ಒಂದು ಗ್ರಾಂ ಮಲದಲ್ಲಿ ನೂರು ಕೋಟಿಗೂ ಮೀರಿ ವೈರಸ್ ಇರಬಹುದು, ಸೋಂಕು ತಗುಲಲು ಬಹಳ ಕಡಿಮೆ ಕಣಗಳು ಸಾಕು. ನೂರು ಕೋಟಿಯಲ್ಲಿ ಶೇ 99.9 ಹೋದ ಮೇಲೂ ಹತ್ತು ಲಕ್ಷ ಉಳಿದಿರುತ್ತವೆ.

3. ಎಲ್ಲಿ? ಪರೀಕ್ಷಾ ನಳಿಕೆಯಲ್ಲಿ ದ್ರಾವಣದೊಳಗೆ ತೇಲುವ ವೈರಸ್ಸಿಗೆ ರಾಸಾಯನಿಕ ಎಲ್ಲ ದಿಕ್ಕಿನಿಂದ ತಗಲುತ್ತದೆ. ಒಣಗಿ ಅಂಟಿಕೊಂಡ ವೈರಸ್ಸಿಗೆ ಹಾಗಲ್ಲ. ಅದಕ್ಕೇ ಯುರೋಪಿನ ಮಾನದಂಡಗಳಲ್ಲಿ ದ್ರವದೊಳಗಿನ ಪರೀಕ್ಷೆಗೆ ಇಎನ್ 14476, ಮೇಲ್ಮೈ ಪರೀಕ್ಷೆಗೆ ಇಎನ್ 16777 ಎಂದು ಬೇರೆಬೇರೆ ಕ್ರಮಗಳಿವೆ. ಒಂದರಲ್ಲಿ ಉತ್ತೀರ್ಣವಾದದ್ದು ಇನ್ನೊಂದರಲ್ಲೂ ಆಗಬೇಕೆಂದಿಲ್ಲ. ಉಕ್ಕಿನಂಥ ನಯವಾದ ಮೇಲ್ಮೈಯ ಫಲಿತಾಂಶ ಬಟ್ಟೆಗೋ ಪಾಲಿಶ್ ಇಲ್ಲದ ಮರಕ್ಕೋ ಅನ್ವಯಿಸುವುದೂ ಇಲ್ಲ.

4. ಎಷ್ಟು ಕೊಳೆಯ ನಡುವೆ? ಬ್ಲೀಚಿನಲ್ಲಿರುವ ಹೈಪೋಕ್ಲೋರೈಟ್ ಸಿಕ್ಕಿದ ಸಾವಯವ ವಸ್ತುವಿನೊಂದಿಗೆಲ್ಲ ವರ್ತಿಸುತ್ತದೆ. ಜಿಡ್ಡು, ವಾಂತಿ, ರಕ್ತ ಇದ್ದ ಕಡೆ ಕ್ಲೋರಿನ್ ಅವುಗಳ ಮೇಲೇ ಖರ್ಚಾಗಿಹೋಗುತ್ತದೆ.

5. ಎಷ್ಟು ಹೊತ್ತು? ಲೇಬಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಐದು ಅಥವಾ ಹತ್ತು ನಿಮಿಷ ಎಂದಿದ್ದರೆ, ಮೇಲ್ಮೈ ಅಷ್ಟೂ ಹೊತ್ತು ಒದ್ದೆಯಾಗಿರಬೇಕು ಎಂದರ್ಥ. ಸಿಂಪಡಿಸಿದ ತಕ್ಷಣ ಒಣಬಟ್ಟೆಯಿಂದ ಒರೆಸಿದವರು ಬೇರೆಯೇ ಪ್ರಯೋಗ ಮಾಡಿದ್ದಾರೆ. ಅದರ ಫಲಿತಾಂಶ ಲೇಬಲ್ಲಿನಲ್ಲಿ ಇಲ್ಲ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಎಲ್ಲಕ್ಕಿಂತ ಹಠಮಾರಿ ವೈರಸ್ಸನ್ನು ಆರಿಸಿ, ಅದರ ಮೇಲೆ ಗೆದ್ದರೆ ಉಳಿದವುಗಳ ಮೇಲೂ ಗೆದ್ದಂತೆಯೇ ಎಂದು ಹೇಳಬಹುದಲ್ಲ? ನಿಯಂತ್ರಣ ಸಂಸ್ಥೆಗಳು ಈ ಹಠಮಾರಿತನದ ಏಣಿಯನ್ನು ನಿಜಕ್ಕೂ ಬಳಸುತ್ತವೆ, ಅದರಿಂದ ಪ್ರಯೋಜನವೂ ಆಗಿದೆ. 2020ರ ಮಾರ್ಚ್‌ನಲ್ಲಿ ಹೊಸ ಕೊರೊನಾ ವೈರಸ್ ಮೇಲೆ ನೇರ ಪರೀಕ್ಷೆ ನಡೆಸಲು ಯಾರಿಗೂ ಸಮಯವಿರಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅದಕ್ಕಿಂತ ಕಠಿಣ ವೈರಸ್‌ಗಳ ಮೇಲೋ ಮನುಷ್ಯರಿಗೆ ತಗಲುವ ಬೇರೆ ಕೊರೊನಾ ವೈರಸ್‌ಗಳ ಮೇಲೋ ಗೆದ್ದಿದ್ದ ಉತ್ಪನ್ನಗಳ ಪಟ್ಟಿಯನ್ನು ಪ್ರಕಟಿಸಿತು. ನೇರ ಪರೀಕ್ಷೆಯ ಆಧಾರದ ಮೇಲೆ ಮೊದಲ ಒಪ್ಪಿಗೆ ಸಿಕ್ಕಿದ್ದು ಅದೇ ವರ್ಷದ ಜುಲೈನಲ್ಲಿ. ಹೊದಿಕೆಯಿರುವ ವೈರಸ್ಸಿನ ಮಟ್ಟಿಗೆ ಈ ತರ್ಕ ಸರಿಯಾಗಿಯೇ ಇತ್ತು. ಆದರೆ ಏಣಿಯ ಮೇಲ್ತುದಿಗೆ ಹೋದಂತೆ ಮೆಟ್ಟಿಲುಗಳು ಅಲ್ಲಾಡುತ್ತವೆ. ಮನುಷ್ಯರ ನೋರೋವೈರಸ್ಸನ್ನು ಪ್ರಯೋಗಾಲಯದ ಕೋಶಗಳಲ್ಲಿ ಬೆಳೆಸುವುದು ದಶಕಗಳ ಕಾಲ ಸಾಧ್ಯವೇ ಆಗಿರಲಿಲ್ಲ. ಮೇರಿ ಎಸ್ಟೆಸ್ ಅವರ ತಂಡ ಮನುಷ್ಯರ ಕರುಳಿನ ಮೂಲಕೋಶಗಳಿಂದ ಪಡೆದ ಅಂಗಾಂಶದಲ್ಲಿ ಅದನ್ನು ಬೆಳೆಸಿ ತೋರಿಸಿದ್ದು 2016ರಲ್ಲಿ. ಅದಕ್ಕೂ ಮುಂಚೆ, ಬಹುಮಟ್ಟಿಗೆ ಈಗಲೂ, ಅದರ ಬದಲಿಗೆ ಬೆಕ್ಕಿನ ಕ್ಯಾಲಿಸಿವೈರಸ್ಸನ್ನೋ ಇಲಿಯ ನೋರೋವೈರಸ್ಸನ್ನೋ ಇಟ್ಟು ಪರೀಕ್ಷಿಸುತ್ತಾರೆ. ಇವೆರಡರ ಸ್ವಭಾವ ಒಂದೇ ಅಲ್ಲ. ಬೆಕ್ಕಿನ ವೈರಸ್ ಉಸಿರಾಟದ ಮಾರ್ಗದ್ದು, ಆಮ್ಲಕ್ಕೆ ಬೇಗ ಸೋಲುತ್ತದೆ. ಇಲಿಯದು ಕರುಳಿನದು, ಆಮ್ಲವನ್ನು ತಾಳುತ್ತದೆ, ಆದರೆ ಆಲ್ಕೋಹಾಲ್‌ಗೆ ಬೆಕ್ಕಿನದಕ್ಕಿಂತ ಸುಲಭವಾಗಿ ಬಗ್ಗುತ್ತದೆ. ಹಾಗಾದರೆ ಯಾವುದು 'ಹೆಚ್ಚು ಹಠಮಾರಿ'? ಆಮ್ಲೀಯ ದ್ರಾವಣ ತಯಾರಿಸಿದವರು ಬೆಕ್ಕಿನ ವೈರಸ್ಸನ್ನೂ, ಆಲ್ಕೋಹಾಲ್ ದ್ರಾವಣ ತಯಾರಿಸಿದವರು ಇಲಿಯ ವೈರಸ್ಸನ್ನೂ ಆರಿಸಿಕೊಂಡರೆ, ಇಬ್ಬರೂ ಸುಳ್ಳು ಹೇಳದೆಯೇ ಗೆಲ್ಲಬಲ್ಲರು. ಹಠಮಾರಿತನ ವೈರಸ್ಸೊಂದರ ಗುಣವಲ್ಲ. ಈ ರಾಸಾಯನಿಕದ ಎದುರು ಈ ವೈರಸ್ ಎಂಬ ಜೋಡಿಯ ಗುಣ. ಏಣಿ ಒಂದೇ ಅಲ್ಲ, ರಾಸಾಯನಿಕಕ್ಕೊಂದು ಏಣಿಯಿದೆ.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಪ್ರಯೋಗಾಲಯದ ಬಿಲ್ಲೆ ನಮ್ಮ ಅಡುಗೆಕಟ್ಟೆಯಲ್ಲ, ಪರೀಕ್ಷೆಯ ವೈರಸ್ ನಿಜವಾದ ವೈರಸ್ಸಲ್ಲ ಎಂದ ಮೇಲೆ ಇಂಥ ಪರೀಕ್ಷೆಗಳಿಂದ ಏನು ಪ್ರಯೋಜನ, ಎಲ್ಲವೂ ಮಾರಾಟದ ಮಾತಲ್ಲವೇ? ಈ ನಿರಾಶೆಯೂ ಅದೇ ಗೊಂದಲದ ಇನ್ನೊಂದು ಮುಖ. ಪರೀಕ್ಷೆ ನಮ್ಮ ಮೇಜಿನ ಭವಿಷ್ಯ ಹೇಳಬೇಕು ಎಂದು ನಿರೀಕ್ಷಿಸಿದವರು ಮಾತ್ರ, ಅದು ಹೇಳಲಿಲ್ಲವೆಂದು ಬೇಸರಪಡುತ್ತಾರೆ. ಪರೀಕ್ಷೆಯ ಕೆಲಸ ಬೇರೆ. ಎಲ್ಲವನ್ನೂ ಒಂದೇ ಸ್ಥಿತಿಯಲ್ಲಿಟ್ಟು ಎರಡು ದ್ರಾವಣಗಳನ್ನು ಹೋಲಿಸುವುದು, ಕೆಲಸಕ್ಕೆ ಬಾರದ್ದನ್ನು ಹೊರಗಿಡುವುದು, ಎಷ್ಟು ಸಾಂದ್ರತೆ ಮತ್ತು ಎಷ್ಟು ನಿಮಿಷಕ್ಕಿಂತ ಕಡಿಮೆಯಾದರೆ ಭರವಸೆಯಿಲ್ಲ ಎಂದು ಗೆರೆ ಎಳೆಯುವುದು. ನಿಗದಿತ ಕೊಳೆಯ ನಡುವೆ, ನಿಗದಿತ ಸಮಯದಲ್ಲಿ, ನಯವಾದ ಬಿಲ್ಲೆಯ ಮೇಲೂ ಗೆಲ್ಲದ ದ್ರಾವಣ ಆಸ್ಪತ್ರೆಯ ಮಂಚದ ಕಂಬಿಯ ಮೇಲೆ ಗೆಲ್ಲುವುದು ಅಸಂಭವ ಎಂದು ಧೈರ್ಯವಾಗಿ ಹೇಳಬಹುದು. ಗೆದ್ದದ್ದು ಅಲ್ಲಿಯೂ ಗೆಲ್ಲುತ್ತದೆ ಎನ್ನಲು ಮಾತ್ರ ಸರಿಯಾಗಿ ಬೆರೆಸಿ, ಮೊದಲು ಕೊಳೆ ತೆಗೆದು, ಹೇಳಿದಷ್ಟು ಹೊತ್ತು ಒದ್ದೆಯಾಗಿಡಬೇಕು. ಅಂದರೆ ಪರೀಕ್ಷೆ ಕೊಡುವುದು ಷರತ್ತಿನ ಭರವಸೆ. ಷರತ್ತು ಬಿಟ್ಟು ಭರವಸೆಯನ್ನಷ್ಟೇ ಎತ್ತಿಕೊಂಡರೆ ತಪ್ಪು ಪರೀಕ್ಷೆಯದಲ್ಲ.

ಮೂರನೆಯದು ನಾವು ಹೆಚ್ಚಾಗಿ ಕೇಳುವ ಮಾತು: ಇಷ್ಟೆಲ್ಲ ಲೆಕ್ಕ ಏಕೆ, ಸ್ವಲ್ಪ ಹೆಚ್ಚೇ ಹಾಕಿದರೆ ನಷ್ಟವೇನು? ಇದರ ಹಿಂದೆ ಒಂದು ಊಹೆ ಅಡಗಿದೆ, ಮೇಲ್ಮೈ ಮೇಲಿನ ವೈರಸ್ ಕಡಿಮೆಯಾದಷ್ಟೂ ರೋಗ ಕಡಿಮೆಯಾಗುತ್ತದೆ ಎಂದು. ಅದು ರೋಗ ಹರಡುವ ದಾರಿಯನ್ನು ಅವಲಂಬಿಸಿದ್ದು. 2020ರ ಮಾರ್ಚ್‌ನಲ್ಲಿ ಕೊರೊನಾ ವೈರಸ್ ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ 72 ಗಂಟೆಗಳವರೆಗೂ ಪತ್ತೆಯಾಗುತ್ತದೆ ಎಂಬ ಪ್ರಯೋಗ ಪ್ರಕಟವಾದಾಗ ಹಾಲಿನ ಪ್ಯಾಕೆಟ್ಟು, ತರಕಾರಿ, ದಿನಪತ್ರಿಕೆ ಎಲ್ಲವೂ ಅನುಮಾನಕ್ಕೆ ಗುರಿಯಾದವು. ಅದೇ ವರ್ಷದ ಜುಲೈನಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಇಮ್ಯಾನುಯೆಲ್ ಗೋಲ್ಡ್‌ಮನ್ 'ಲ್ಯಾನ್ಸೆಟ್' ಬಳಗದ ಪತ್ರಿಕೆಯಲ್ಲಿ, ಇಂಥ ಪ್ರಯೋಗಗಳು ನಿಜಜೀವನದಲ್ಲಿ ಕಾಣದಷ್ಟು ದೊಡ್ಡ ಪ್ರಮಾಣದ ವೈರಸ್ಸಿನಿಂದ ಆರಂಭಿಸಿದ್ದನ್ನು ಎತ್ತಿ ತೋರಿಸಿದರು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದಿತು. ಗಾಳಿಯಲ್ಲಿ ಹರಡುವ ರೋಗಕ್ಕೆ ನೆಲ ತೊಳೆದು ಸಿಗುವ ರಕ್ಷಣೆ ಅಷ್ಟಕ್ಕಷ್ಟೇ. ಕಿಟಕಿ ತೆರೆದರೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು.

ಹೆಚ್ಚಾದರೆ ನಷ್ಟವಿದೆ ಎಂಬುದೂ 2020ರಲ್ಲೇ ಕಣ್ಣಮುಂದೆ ಬಂತು. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಸ್ವಚ್ಛತಾ ದ್ರಾವಣ ಮತ್ತು ಸೋಂಕುನಿವಾರಕಗಳ ಬಗ್ಗೆ ಬಂದ ಕರೆಗಳು 2020ರ ಮೊದಲ ಮೂರು ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ 20ರಷ್ಟು ಏರಿದವು. ಬ್ಲೀಚನ್ನು ಶೌಚಾಲಯ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಇದು ಮನೆಯೊಳಗೇ ಆಗುವ ಅಪಾಯ. ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ವಲಸೆ ಕಾರ್ಮಿಕರನ್ನು ಕೂರಿಸಿ ಅವರ ಮೈಮೇಲೆ ಸೋಂಕುನಿವಾರಕ ಸಿಂಪಡಿಸಿದ್ದನ್ನು ದೇಶವೇ ನೋಡಿತು. ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮನುಷ್ಯರ ಮೇಲೆ ಸಿಂಪಡಿಸಕೂಡದೆಂದು ಸೂಚಿಸಿತು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೀದಿಗಳಿಗೆ ಸಿಂಪಡಿಸುವುದನ್ನೂ ಶಿಫಾರಸು ಮಾಡುವುದಿಲ್ಲ ಎಂದಿತು. ಮಣ್ಣು, ಕೊಳೆಗಳೇ ರಾಸಾಯನಿಕವನ್ನು ನಿಷ್ಕ್ರಿಯಗೊಳಿಸುತ್ತವೆ ಎಂಬುದು ಅದು ಕೊಟ್ಟ ಕಾರಣ. ಮೇಲೆ ಹೇಳಿದ ನಾಲ್ಕನೆಯ ಅಂಶ ಇದೇ. ಪ್ರಯೋಗಾಲಯದಲ್ಲಿ ಚಿಟಿಕೆ ಪ್ರೋಟೀನು ಸೇರಿಸಿ ಕಲಿತ ಪಾಠವನ್ನು ಟ್ಯಾಂಕರ್‌ಗಟ್ಟಲೆ ಹೈಪೋಕ್ಲೋರೈಟ್ ಸುರಿಯುವ ಮುನ್ನ ನೆನೆಯಬಹುದಿತ್ತು.

ಇದರಿಂದ ಮೇಲ್ಮೈ ಶುದ್ಧಿ ವ್ಯರ್ಥ ಎಂಬ ತೀರ್ಮಾನಕ್ಕೆ ಹಾರಬಾರದು. ನೋರೋವೈರಸ್, ರೋಟಾವೈರಸ್‌ಗಳು ಕೈ, ಪಾತ್ರೆ, ಶೌಚಾಲಯದ ಹಿಡಿಕೆಗಳ ಮೂಲಕವೇ ಹರಡುತ್ತವೆ. ಮಕ್ಕಳ ವಾರ್ಡು, ಹಾಸ್ಟೆಲ್, ಅಂಗನವಾಡಿ, ವೃದ್ಧಾಶ್ರಮಗಳಲ್ಲಿ ಒಬ್ಬರ ವಾಂತಿಭೇದಿ ಹತ್ತು ಜನಕ್ಕೆ ದಾಟುವುದನ್ನು ಸರಿಯಾದ ಸೋಂಕುನಿವಾರಣೆ ತಡೆಯಬಲ್ಲದು. ದುರದೃಷ್ಟವೆಂದರೆ, ಎಲ್ಲಿ ಮೇಲ್ಮೈ ನಿಜಕ್ಕೂ ಮುಖ್ಯವೋ ಅಲ್ಲಿರುವುದು ಹೊದಿಕೆಯಿಲ್ಲದ, ಸುಲಭಕ್ಕೆ ಬಗ್ಗದ ವೈರಸ್. ಎಲ್ಲಿ ಲೇಬಲ್ಲಿನ ಮಾತು ಸುಲಭವಾಗಿ ನಿಜವಾಗುತ್ತದೋ ಅಲ್ಲಿ ಮೇಲ್ಮೈ ಅಷ್ಟು ಮುಖ್ಯವಲ್ಲ. ಪರೀಕ್ಷೆಯ ವಿವರ ನಮಗೆ ಬೇಕಾಗಿರುವುದು ಈ ಕಾರಣಕ್ಕೆ.

ನಮ್ಮ ದೇಶದ ಲೇಬಲ್ಲುಗಳನ್ನು ಈ ದೃಷ್ಟಿಯಿಂದ ನೋಡಿದರೆ ಕೊರತೆ ಎದ್ದು ಕಾಣುತ್ತದೆ. ಕಪ್ಪು ಫಿನಾಯಿಲ್ ಡಬ್ಬಿಯ ಮೇಲೆ ಕಾಣುವ 'ಆರ್.ಡಬ್ಲ್ಯೂ.ಸಿ.' ಎಂಬುದು ರಿಡಿಯಲ್–ವಾಕರ್ ಗುಣಾಂಕ. 1903ರಲ್ಲಿ ರೂಪುಗೊಂಡ ಈ ಅಳತೆ, ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಲ್ಲಿ ಆ ದ್ರಾವಣ ಶುದ್ಧ ಫೀನಾಲ್‌ಗಿಂತ ಎಷ್ಟು ಪಟ್ಟು ಸಮರ್ಥ ಎಂದು ಹೇಳುತ್ತದೆ. ನಮ್ಮ ಔಷಧ ನಿಯಮಗಳ ಷೆಡ್ಯೂಲ್ 'ಒ' ಫಿನಾಯಿಲ್ ಬಗೆಯ ದ್ರಾವಣಗಳನ್ನು ದರ್ಜೆಗಳಾಗಿ ವಿಂಗಡಿಸಿದ್ದು ಈ ಗುಣಾಂಕದ ಮೇಲೆಯೇ. ವೈರಸ್ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಗುಣಾಂಕ ಹೆಚ್ಚಿದ್ದರೆ ವೈರಸ್ಸೂ ಹೆಚ್ಚು ಸಾಯುತ್ತದೆ ಎಂದು ಊಹಿಸಲು ಆಧಾರವಿಲ್ಲ. ಹೊಸ ಬಾಟಲಿಗಳ ಶೇ 99.9 ಕೂಡ ವೈರಸ್ಸಿನ ಹೆಸರು ಹೇಳದಿದ್ದರೆ ಇದಕ್ಕಿಂತ ಹೆಚ್ಚಿನ ಜ್ಞಾನವನ್ನೇನೂ ಕೊಡುವುದಿಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ವೈರಸ್ ಕೊಲ್ಲುತ್ತದೆ ಎಂದು ಬರೆಯುವ ಪ್ರತಿ ಉತ್ಪನ್ನದ ಮೇಲೂ ನಾಲ್ಕು ವಿಷಯ, ಶೇ 99.9 ಅಚ್ಚಾದಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು: ಯಾವ ವೈರಸ್ ಮೇಲೆ ಪರೀಕ್ಷಿಸಿದ್ದು, ಎಷ್ಟು ನೀರಿಗೆ ಎಷ್ಟು ಬೆರೆಸಿದಾಗ, ಎಷ್ಟು ನಿಮಿಷ ಒದ್ದೆಯಾಗಿಟ್ಟಾಗ, ದ್ರವದಲ್ಲೋ ಮೇಲ್ಮೈ ಮೇಲೋ. ಆಸ್ಪತ್ರೆ, ಹಾಸ್ಟೆಲ್, ಪಂಚಾಯಿತಿಗಳಿಗೆ ಸೋಂಕುನಿವಾರಕ ಕೊಳ್ಳುವ ಅಧಿಕಾರಿಗಳು ಟೆಂಡರಿನಲ್ಲೇ ಈ ನಾಲ್ಕನ್ನು ಕೇಳಲಿ, ಹೊದಿಕೆಯಿಲ್ಲದ ವೈರಸ್ ಮೇಲಿನ ಮೇಲ್ಮೈ ಪರೀಕ್ಷೆಯ ವರದಿಯನ್ನು ಪಡೆಯಲಿ. ಮನೆಯಲ್ಲಿ ಬಳಸುವವರು ಮೊದಲು ಸಾಬೂನುನೀರಿನಿಂದ ಕೊಳೆ ತೆಗೆಯಲಿ, ಆಮೇಲೆ ಹೇಳಿದ ಅಳತೆಯಲ್ಲಿ ದ್ರಾವಣ ಹಾಕಿ, ಹೇಳಿದಷ್ಟು ಹೊತ್ತು ಒರೆಸದೆ ಬಿಡಲಿ, ಯಾವ ಎರಡು ದ್ರಾವಣಗಳನ್ನೂ ಬೆರೆಸದಿರಲಿ. ಈ ನಾಲ್ಕು ಉತ್ತರಗಳಿಲ್ಲದ ಶೇ 99.9ನ್ನು ಪುರಾವೆಯೆಂದು ಒಪ್ಪಬೇಕಾಗಿಲ್ಲ.